‘ಸೆಟ್’ ಪದದ ಅರ್ಥ ಉರು ಹೊಡೆಯಬೇಡಿ

ಇಂಗ್ಲಿಷ್ ಕಲಿಯುತ್ತಿರುವವರು ‘ಸೆಟ್’ ಪದದ ಅರ್ಥಗಳನ್ನು ಸುಮ್ನೆ ಪಟ್ಟಿ ಮಾಡಿಕೊಂಡು ಕೂರಬೇಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇರುವುದೇ ಈ ಕ್ರಿಯಾಪದಕ್ಕೆ, ಮುಗಿಯುವ ಕೆಲಸ ಅಲ್ಲ ಅದು. ಪಕ್ಕದ ಪದ ನೋಡಿ, ಇಡೀ ವಾಕ್ಯ ಬರೆದಿಟ್ಟುಕೊಳ್ಳಿ. ಸೂರ್ಯ ‘ಸೆಟ್’ ಆದರೆ ಮುಳುಗಿದ, ಸಿಮೆಂಟ್ ‘ಸೆಟ್’ ಆದರೆ ಗಟ್ಟಿಯಾಯಿತು. ನಾನು ಜಾಸ್ತಿ ಎಡವಿದ್ದು ಅಲಾರಂ ವಿಷಯದಲ್ಲಿ. ‘ಸೆಟ್ ದಿ ಅಲಾರಂ’ ಅಂದರೆ ಬೆಳಿಗ್ಗೆ ಏಳಲು ಅಲಾರಂ ಇಡುವುದು, ನಡುವೆ ‘ಆಫ್’ ಸೇರಿಸಿ ‘ಸೆಟ್ ಆಫ್ ದಿ ಅಲಾರಂ’ ಅಂದರೆ ಅದು ಬಡಿದುಕೊಳ್ಳುವ ಹಾಗೆ ಮಾಡುವುದು. ನಾನೋ, ‘ಆಫ್’ ಇದೆಯಲ್ಲ, ನಿಲ್ಲಿಸುವುದು ಅಂದುಕೊಂಡಿದ್ದೆ! ನಮ್ಮ ‘ಹಿಡಿ’ಯೂ ಹೀಗೇ ಅಲ್ವಾ? ಬಸ್ಸು ಹಿಡಿಯುವುದೇ ಬೇರೆ, ಕಬ್ಬಿಣಕ್ಕೆ ತುಕ್ಕು ಹಿಡಿಯುವುದೇ ಬೇರೆ.