ಶಂಖದ ಭಾಗಗಳ ಹೆಸರು ಕಲಿಯಲು ಮೊದಲು ಶಂಖ ಕೈಗೆ ತಗೊಳ್ಳಿ

ಮಗಳು ಪಿಯುಸಿಯಲ್ಲಿದ್ದಾಗ ‘ಓಪರ್ಕ್ಯುಲಮ್, ಕೊಲುಮೆಲ್ಲ’ ಎಂದು ಬಾಯಿಪಾಠ ಮಾಡುತ್ತಿದ್ದಳು. ಬೆಳಗಾದರೆ ಮರೆತಿರುತ್ತಿತ್ತು. ನಾನು ಪುಸ್ತಕ ಮುಚ್ಚಿಸಿ, ದೇವರ ಮನೆಯ ಶಂಖವನ್ನೇ ಕೈಗೆ ಕೊಟ್ಟೆ. ನೀವೂ ಹಾಗೇ ಶುರು ಮಾಡಿ. ದಂಡೆಯಲ್ಲಿ ಸಿಕ್ಕ ಖಾಲಿ ಶಂಖವಾದರೂ ಸಾಕು. ಒಳಗೆ ಹುಳು ಇದ್ದರೆ ಮಾತ್ರ ಅಲ್ಲೇ ಬಿಟ್ಟುಬಿಡಿ.

ಸುರುಳಿಯ ಚೂಪು ತುದಿ ಮೇಲಿರಲಿ, ಬಾಯಿ ನಿಮ್ಮ ಕಡೆ ಇರಲಿ. ಆ ಬಾಯಿಗೆ ಕೆಲವು ಹುಳುಗಳು ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತವೆ. ಅದೇ ಓಪರ್ಕ್ಯುಲಮ್, ಲ್ಯಾಟಿನ್‌ನಲ್ಲಿ ಬರೀ ‘ಮುಚ್ಚಳ’. ಒಡೆದ ಶಂಖ ಸಿಕ್ಕರೆ ಒಳಗೆ ನೋಡಿ. ಸುತ್ತುಗಳೆಲ್ಲ ನಡುವಿನ ಒಂದು ಕಡ್ಡಿಗೆ ಸುತ್ತಿಕೊಂಡಿರುತ್ತವೆ. ಆ ಕಡ್ಡಿಯೇ ಕೊಲುಮೆಲ್ಲ, ಅಂದರೆ ‘ಪುಟ್ಟ ಕಂಬ’. ಕೆಲವು ಶಂಖಗಳಲ್ಲಿ ಕಂಬದ ಬುಡದಲ್ಲಿ ಕುಳಿ ಇರುತ್ತದೆ. ಅದು ಅಂಬಿಲಿಕಸ್, ‘ಹೊಕ್ಕುಳ’!

ಈಗ ಬಾಯಿ ಯಾವ ಕಡೆಗಿದೆ ನೋಡಿ. ಸಾಮಾನ್ಯವಾಗಿ ಬಲಕ್ಕಿರುತ್ತದೆ. ಇದು ಡೆಕ್ಸ್ಟ್ರಲ್. ಡೆಕ್ಸ್ಟರ್ ಎಂದರೆ ಬಲ. ಎಡಕ್ಕಿದ್ದರೆ ಸಿನಿಸ್ಟ್ರಲ್. ಇಲ್ಲಿ ಮಗಳು ಗೊಂದಲಕ್ಕೆ ಬಿದ್ದಳು. ಪೂಜೆಗೆ ಶ್ರೇಷ್ಠ ಎನ್ನುವ ಅಪರೂಪದ ಬಲಮುರಿ ಶಂಖ ವಿಜ್ಞಾನದ ಲೆಕ್ಕದಲ್ಲಿ ಎಡದ್ದು. ಯಾರ ಮಾತೂ ತಪ್ಪಲ್ಲ, ಹಿಡಿಯುವ ರೀತಿ ಬೇರೆ ಅಷ್ಟೇ. ನಮ್ಮಲ್ಲಿ ಸುರುಳಿ ಕೆಳಗಿಟ್ಟು, ಉದ್ದನೆಯ ಮೂತಿ ಮೇಲಿಟ್ಟು ನೋಡುತ್ತಾರೆ. ತಿರುಗಿಸಿ ಹಿಡಿದಾಗ ಎಡಗಡೆಯ ಬಾಯಿ ಬಲಕ್ಕೆ ಬರುತ್ತದೆ. ಚಿತ್ರ ಬರೆದುಕೊಂಡರೆ ತಟ್ಟನೆ ಹೊಳೆಯುತ್ತದೆ.

ಬೆಳಚು, ಅಂದರೆ ಅಡುಗೆಯ ಕಪ್ಪೆಚಿಪ್ಪು, ತಂದ ದಿನ ಸಾರು ಮಾಡುವ ಮೊದಲು ಒಂದನ್ನು ಬಿಡಿಸಿ ತೋರಿಸಿ. ಎರಡು ಚಿಪ್ಪು, ಹಿಂದೆ ಬಿಜಾಗರಿ. ಇಂಥವುಗಳ ಬೈವಾಲ್ವ್ ಎಂಬ ಹೆಸರಿನಲ್ಲೂ ಅದೇ ಇದೆ. ಬೈ ಎಂದರೆ ಎರಡು. ವಾಲ್ವಾ ಎಂದರೆ ಬಾಗಿಲಿನ ಕದ.

ನನಗೆ ಜಾಸ್ತಿ ಇಷ್ಟ ಕವಡೆ. ಸಂಸ್ಕೃತದ ಕಪರ್ದದಿಂದ ಬಂದ ಮಾತು. ಅದಕ್ಕೆ ಸುತ್ತಿ ಕಟ್ಟಿದ ಜಡೆ ಎಂಬ ಅರ್ಥವೂ ಇದೆ, ಶಿವನಿಗೆ ಕಪರ್ದಿ ಎನ್ನುತ್ತಾರಲ್ವಾ? 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಹಳದಿ ಕವಡೆಗೆ ‘ಮೊನೆಟಾ’ ಎಂದು ಹೆಸರಿಟ್ಟ. ಅಂದರೆ ಹಣ. ನಮ್ಮ ‘ಕವಡೆ ಕಾಸು’ ನೆನಪಾಯಿತಾ? ಚೌಕಾಬಾರದ ಕವಡೆ ತಗೊಂಡು ಸುರುಳಿಯ ತುದಿ ಹುಡುಕಲು ಮಕ್ಕಳಿಗೆ ಹೇಳಿ. ಸುಲಭಕ್ಕೆ ಸಿಗುವುದಿಲ್ಲ. ಬೆಳೆದ ಕವಡೆಯಲ್ಲಿ ಕೊನೆಯ ಸುತ್ತು ಹಿಂದಿನ ಸುತ್ತುಗಳನ್ನೆಲ್ಲ ಒಳಗೆ ಮುಚ್ಚಿಕೊಂಡಿರುತ್ತದೆ.