ಒಂದು ಸೈನ್ ತಪ್ಪಿತ್ತು, ಒಂದು ಸೈನ್ ಬಿತ್ತು: ಪ್ರೇಮ ಕಾದಂಬರಿ ಬರೆದ ನನ್ನ ಅನುಭವ

ಪ್ರೇಮ ಕಾದಂಬರಿ ಅಂದ್ರೆ ಹುಡುಗ ಹುಡುಗಿ ಎಲ್ಲಿ ಸಿಕ್ತಾರೆ ಅಂತ ಯೋಚಿಸ್ತಾ ಕೂರ್ತೀವಿ. ನಾನು ಶುರು ಮಾಡಿದ್ದು ಅವ್ರಿಬ್ರೂ ಯಾಕೆ ಮಾತು ಬಿಟ್ರು ಅನ್ನೋದ್ರಿಂದ. ಸುಮಾ ಮೈಸೂರಿನ ಸರಸ್ವತಿಪುರಂ ಹುಡುಗಿ, ಪ್ರಕಾಶ ಮಂಡ್ಯ ಪಕ್ಕದ ಹಳ್ಳಿಯವ್ನು, ದಿನಾ ಟ್ರೇನಲ್ಲಿ ಮೈಸೂರಿನ ಕಾಲೇಜಿಗೆ ಬರ್ತಿದ್ದೋನು, ಇವ್ರ ಜೊತೆ ರೇಖಾ. ಈ ಮೂವರ ಸ್ನೇಹ ಓದೋರ ಮನಸ್ಸಿಗೆ ಇಳೀದೆ ಹೋದ್ರೆ ಆಮೇಲೆ ಪ್ರೀತಿ ಬಗ್ಗೆ ಎಷ್ಟು ಪುಟ ತುಂಬಿಸಿದ್ರೂ ಅದು ನಿಲ್ಲಲ್ಲ.

ಇನ್ನು ಅವ್ರು ಮಾತು ಬಿಡೋಕೆ ಕಾರಣ ಆದ ಹಳೇ ತಪ್ಪು. ಕುಡಿತ, ಮೋಸ, ಇನ್ನೊಬ್ಬಳ ಸಹವಾಸ ಇವೆಲ್ಲ ನಂಗೆ ಬೇಡವಾಗಿತ್ತು, ಒಳ್ಳೆ ಮನುಷ್ಯ ಹೆದರ್ಕೊಂಡು ಮಾಡೋ ತಪ್ಪು ಬೇಕಿತ್ತು. ರೇಖಾ ಬೇರೆ ಧರ್ಮದ ಹುಡುಗನ್ನ ರಿಜಿಸ್ಟರ್ ಮದ್ವೆ ಆಗೋಕೆ ಹೊರಡ್ತಾಳೆ. 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ ನೋಟಿಸ್ ಕೊಟ್ಟು 30 ದಿನ ಕಾಯ್ಬೇಕು, ಆ ನೋಟಿಸ್‌ನ ಆಫೀಸಲ್ಲಿ ಎಲ್ರಿಗೂ ಕಾಣೋ ಹಾಗೆ ಅಂಟಿಸ್ತಾರೆ, ಮದ್ವೆ ದಿನ ಮೂರು ಜನ ಸಾಕ್ಷಿ ಸೈನ್ ಹಾಕ್ಬೇಕು. ಸುಮಾ ಒಬ್ಳು, ಹುಡುಗನ ಕಡೆಯವ್ರು ಒಬ್ರು, ಪ್ರಕಾಶ ಮೂರನೇಯವ್ನು. ಅವ್ನು ಬರಲ್ಲ. ಊರಲ್ಲಿ ಅಪ್ಪನಿಗೆ ಗೊತ್ತಾದ್ರೆ ಏನಾಗುತ್ತೋ ಅಂತ ಮಂಡ್ಯ ಸ್ಟೇಷನ್ನಲ್ಲೇ ಕೂತಿರ್ತಾನೆ, ಟ್ರೇನ್ ಬರುತ್ತೆ, ಹೋಗುತ್ತೆ.

ಇಲ್ಲಿ ಕಾಯ್ದೆ ಓದ್ತಾ ಓದ್ತಾ ಕಥೆಗೆ ದಾರಿ ಸಿಕ್ತು. ಸಾಕ್ಷಿ ಇಂಥವ್ರೇ ಆಗ್ಬೇಕು ಅಂತೇನಿಲ್ಲ, ಆ 30 ದಿನ ಕಳೆದ ಮೇಲೆ, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಯಾವಾಗ್ಲಾದ್ರೂ ಮದ್ವೆ ಮುಗಿಸ್ಕೋಬಹುದು. ಅಂದ್ರೆ ಪ್ರಕಾಶ ಬರ್ಲಿಲ್ಲ ಅಂತ ಮದ್ವೆ ಏನೂ ನಿಲ್ಲಲ್ಲ. ಹಾಗೇ ಬರೆದೆ: ಎದುರಿಗಿನ ಜೆರಾಕ್ಸ್ ಅಂಗಡಿಯವ್ರು ಬಂದು ಸೈನ್ ಹಾಕ್ತಾರೆ, ರೇಖಾ ಮದ್ವೆ ಅವತ್ತೇ ಆಗುತ್ತೆ, ಸುಖವಾಗೂ ಇರ್ತಾಳೆ. ಸರ್ಕಾರದ ಲೆಕ್ಕದಲ್ಲಿ ಯಾರಿಗೂ ನಷ್ಟ ಆಗಿಲ್ಲ, ಆದ್ರೂ ಸ್ನೇಹ ಮುರಿದು ಬಿದ್ದಿದೆ. ನಷ್ಟ ಆಗಿದ್ರೆ ತುಂಬ್ಕೊಡಬಹುದಿತ್ತು, ಇದನ್ನ ಏನು ಕೊಟ್ಟು ತುಂಬ್ತಾನೆ ಪಾಪ. ಇಡೀ ಕಾದಂಬರಿ ಹುಟ್ಟಿದ್ದು ಈ ಜಾಗದಲ್ಲಿ.

ವರ್ಷಗಳಾದ ಮೇಲೆ ಸುಮಾ, ಪ್ರಕಾಶ ಮತ್ತೆ ಸಿಗೋ ಭಾಗ ಬೇಗ ಬರೆದು ಮುಗಿಸ್ದೆ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗಲ್ಲಿ ಎದುರಾಗ್ತಾರೆ, ಅಷ್ಟೇ. ಆಮೇಲೆ ಅವ್ನು ಮಂಡ್ಯದಿಂದ ಬೈಕಲ್ಲಿ ಬರೋಕೆ ಶುರು ಮಾಡ್ತಾನೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಲಿ ಬೈಕ್ ಬಿಡಲ್ಲ, ಹಾಗಾಗಿ ಸರ್ವಿಸ್ ರೋಡಲ್ಲೇ ಶ್ರೀರಂಗಪಟ್ಟಣ ದಾಟ್ಕೊಂಡು ನಿಧಾನವಾಗಿ ಬರ್ಬೇಕು. ಏನು ಹೇಳ್ಬೇಕು ಅಂತ ಅವ್ನು ದಾರಿಯುದ್ದಕ್ಕೂ ಮಾತು ಜೋಡಿಸ್ಕೊಳ್ಳೋಕೆ ನಂಗೆ ಅದು ಬಹಳ ಅನುಕೂಲ ಆಯ್ತು.

ತಪ್ಪು ಒಪ್ಕೊಳ್ಳೋ ದೃಶ್ಯ ಮಾತ್ರ ಕೈಗೆ ಹತ್ತಲೇ ಇಲ್ಲ. ಹೋಟೆಲಲ್ಲಿ ಕೂರಿಸಿದ್ರೆ ಇಬ್ರೂ ಭಾಷಣ ಮಾಡೋಕೆ ಶುರು ಮಾಡ್ತಿದ್ರು. ಕೊನೆಗೆ ಬೆಲ್ಲ ಮಾಡೋ ನಮ್ಮ ಸಂಬಂಧಿಕರ ಆಲೆಮನೆಗೆ ಹೋಗಿ ರಾತ್ರಿ ಪೂರ್ತಿ ನಿಂತೆ. ಒಲೆಗೆ ಒಣ ಕಬ್ಬಿನ ಸಿಪ್ಪೆ ತಳ್ತಾನೇ ಇರ್ತಾರೆ, ಕೊಪ್ಪರಿಗೇಲಿ ಕಬ್ಬಿನ ಹಾಲು ಕುದಿಯುತ್ತೆ, ನೊರೆ ತೆಗೀತಾರೆ, ಹದ ನೋಡೋಕೆ ಒಂಚೂರು ಪಾಕನ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ತಾರೆ. ಆ ಹೊತ್ತಲ್ಲಿ ಯಾರೂ ಅಲ್ಲಿಂದ ಅಲ್ಲಾಡೋ ಹಾಗಿಲ್ಲ, ಸ್ವಲ್ಪ ತಡ ಆದ್ರೂ ಸೀದು ಹೋಗುತ್ತೆ. ಪ್ರಕಾಶನಿಗೂ ಅಂಥದೇ ಆಲೆಮನೆ ಕೊಟ್ಟು, ಸುಮಾ ಕೇಳಬೇಕಾಗಿದ್ದನ್ನ ಅಲ್ಲೇ ಕೇಳಿಸ್ದೆ. ಪ್ರಕಾಶ ಓಡಿ ಹೋಗೋಕಾಗಲ್ಲ, ಅವಳ ಮುಖ ನೋಡೋಕೂ ಆಗಲ್ಲ, ಕಣ್ಣು ಪಾಕದ ಮೇಲೇ ಇರ್ಬೇಕು.

"ಟೇಸನ್‌ಗೆ ಬಂದಿದ್ದೆ ಕಣಮ್ಮಿ. ಟ್ರೇನೂ ಬಂತು. ಹತ್ನಿಲ್ಲ."

"ಅಷ್ಟೇನಾ?"

"ಅಷ್ಟೇಯ."

ಇಷ್ಟೇ ಇಟ್ಟೆ. ಮಂಡ್ಯದಲ್ಲಿ 1928ರಲ್ಲಿ ಹುಟ್ಟಿ ಮೈಸೂರಲ್ಲಿ ಬಾಳಿದ ತ್ರಿವೇಣಿಯವ್ರನ್ನ ನಾನು ಚಿಕ್ಕಂದಿನಿಂದ ಓದ್ಕೊಂಡು ಬಂದಿದೀನಿ, 1963ರಲ್ಲಿ ಅವ್ರು ಹೋದಾಗ ವಯಸ್ಸು ಬರೀ 34. ಹೆಂಗಸ್ರು ಬಾಯಲ್ಲಿ ಹೇಳದೆ ಒಳಗೇ ಇಟ್ಕೊಂಡಿರೋದನ್ನ ಬರೆಯೋ ಧೈರ್ಯ ನಂಗೆ ಬಂದಿದ್ದು ಅವ್ರಿಂದ. ಸುಮಾ ಅಲ್ಲಿ ಕ್ಷಮಿಸಿದೀನಿ ಅನ್ನಲ್ಲ, ಇನ್ನೊಂದು ಸಲ ಹದ ನೋಡು ಅಂತಾಳೆ.

ಇನ್ನು ಸುಮಾ ಅವ್ನಿಗೋಸ್ಕರ ತಗೊಳ್ಳೋ ರಿಸ್ಕ್ ವಿಷ್ಯಕ್ಕೆ ಬರ್ತೀನಿ. ಪ್ರಕಾಶನಿಗೆ ಕೆಮಿಕಲ್ ಹಾಕದ ಬೆಲ್ಲ ಮಾಡೋ ಆಸೆ. ಬಣ್ಣ ಕಪ್ಪಗಿರುತ್ತೆ, ಹಳದಿ ಬೆಲ್ಲ ಕೇಳೋ ಕಡೆ ಅದು ಓಡಲ್ಲ, ಗಿರಾಕಿನ ಅವ್ನೇ ಹುಡುಕ್ಬೇಕು, ಆಲೆಮನೆ ರಿಪೇರಿಗೆ ಸಾಲ ಬೇರೆ ಬೇಕು. ಸಾಲಕ್ಕೆ ಜಾಮೀನು ಕೇಳ್ತಾರೆ. ಸುಮಾ ಹಾಕ್ತೀನಿ ಅಂತಾಳೆ! ಗೆಳತಿಗೆ ಒಂದು ಸೈನ್ ಹಾಕೋಕೆ ಬರದೇ ಹೋದವನಿಗೆ ಇವಳು ಸೈನ್ ಹಾಕೋದು, ಇದಕ್ಕಿಂತ ದೊಡ್ಡ ಪ್ರೇಮ ನಿವೇದನೆ ನಂಗೆ ಬರೆಯೋಕೆ ಬರಲ್ಲ. 1872ರ ಕರಾರು ಕಾಯ್ದೆ ಪ್ರಕಾರ, ಪತ್ರದಲ್ಲಿ ಬೇರೆ ಥರ ಬರೆಸಿಲ್ಲ ಅಂದ್ರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ, ಅವ್ನು ಕಟ್ಟದಿದ್ರೆ ಸಾಲ ಕೊಟ್ಟೋರು ನೇರ ಇವಳ ಮನೆ ಬಾಗಿಲಿಗೆ ಬರ್ಬಹುದು.

ಹಸ್ತಪ್ರತಿ ಓದಿದ ನಮ್ಮಕ್ಕ ಈ ಜಾಗದಲ್ಲಿ ನನ್ನ ಜೊತೆ ಜಗಳಕ್ಕೇ ಬಂದ್ಲು. ಪ್ರೀತಿ ಇದ್ರೆ ಮದ್ವೆ ಆಗ್ಲಿ, ಜಾಮೀನು ಯಾಕೆ ಹಾಕ್ತಾಳೆ, ಎಷ್ಟು ಮನೆ ಇದ್ರಿಂದ ಹಾಳಾಗಿರೋದು ನೋಡಿಲ್ವಾ ಅಂತ. ಅವಳ ಮಾತಲ್ಲಿ ಸತ್ಯ ಇತ್ತು, ಆದ್ರೆ ಸೈನ್ ತೆಗೆಯೋಕೆ ನಾನು ಒಪ್ಲಿಲ್ಲ. ಬದ್ಲಿಗೆ ಮುಂಚೆ ಒಂದು ಅಧ್ಯಾಯ ಸೇರಿಸ್ದೆ. ಅದರಲ್ಲಿ ಸುಮಾ ಪ್ರಕಾಶನ ಪಹಣಿ ತರಿಸ್ಕೋತಾಳೆ, ಹಳೇ ಸಾಲ ಏನಿದೆ ಕೇಳ್ತಾಳೆ, ಬೆಲ್ಲ ಯಾರು ಕೊಳ್ತಾರೆ ಅಂತ ಹೆಸರು ಬರೆಸ್ಕೋತಾಳೆ, ರೇಖಾಗೂ ಫೋನ್ ಮಾಡಿ ಹೇಳ್ತಾಳೆ, ರೇಖಾ ಸುಮ್ನಿದ್ದು ಆಮೇಲೆ ಎಷ್ಟು ಸಾಲ ಅಂತಷ್ಟೇ ಕೇಳ್ತಾಳೆ. ಅದೆಲ್ಲ ಆದ್ಮೇಲೇ ಪೆನ್ನು ತಗೊಳ್ಳೋದು. ಅಕ್ಕ ಅದನ್ನ ಓದಿ, ಈಗ ಇವಳು ಅವನನ್ನ ಮದ್ವೆ ಆದ್ರೂ ನಂಗೆ ಭಯ ಇಲ್ಲ ಅಂದ್ಲು.