ಬುಧನ ಬಾಲದ ಫೋಟೊ ನಾನು ತೆಗೆದದ್ದು ಹೀಗೆ

ಬುಧ ಗ್ರಹಕ್ಕೂ ಧೂಮಕೇತುವಿನ ಹಾಗೆ ಬಾಲ ಇದೆ ಅಂದರೆ ಬಹಳ ಜನ ನಂಬುವುದಿಲ್ಲ. ಇದೆ. ಬರಿಗಣ್ಣಿಗೆ ಕಾಣಲ್ಲ, ಆದರೆ ಸಾಧಾರಣ ಟೆಲಿಫೋಟೊ ಲೆನ್ಸ್, ಆಕಾಶ ತಿರುಗಿದ ಹಾಗೆ ಕ್ಯಾಮೆರಾವನ್ನೂ ತಿರುಗಿಸುವ ಟ್ರ್ಯಾಕಿಂಗ್ ಮೌಂಟ್, 589 ನ್ಯಾನೊಮೀಟರ್ ಸುತ್ತಲಿನ ಹಳದಿ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್, ಇಷ್ಟಿದ್ದರೆ ಕ್ಯಾಮೆರಾಗೆ ಸಿಗುತ್ತದೆ.

ಫೋಟೊದಲ್ಲಿ ಬರುವುದು ಸೋಡಿಯಂ. ಅದು ಹೊರಡುವುದು ಬುಧನ ಪುಡಿಮಣ್ಣಿನಿಂದ. ಬಿಸಿಲು, ಸೌರಮಾರುತ, ಸಣ್ಣ ಉಲ್ಕಾಕಣಗಳ ಹೊಡೆತ, ಇವೆಲ್ಲ ಸೇರಿ ಪರಮಾಣುಗಳನ್ನು ಮಣ್ಣಿನಿಂದ ಎಬ್ಬಿಸುತ್ತವೆ. ಅಲ್ಲಿನ ಅನಿಲದ ಹೊದಿಕೆ ಎಷ್ಟು ತೆಳು ಅಂದರೆ ಎದ್ದ ಪರಮಾಣು ಇನ್ನೊಂದಕ್ಕೆ ಡಿಕ್ಕಿ ಹೊಡೆಯುವುದೇ ಅಪರೂಪ. ಒಂದೋ ವಾಪಸ್ ಮಣ್ಣಿಗೇ ಬೀಳುತ್ತದೆ, ಇಲ್ಲವೇ ಬಿಸಿಲು ತಳ್ಳಿಕೊಂಡು ಹೋಗುತ್ತದೆ. 1985ರಲ್ಲಿ ಪಾಟರ್ ಮತ್ತು ಮಾರ್ಗನ್ ಎಂಬ ವಿಜ್ಞಾನಿಗಳು ಈ ಸೋಡಿಯಂ ಅನ್ನು ಭೂಮಿಯಿಂದಲೇ ಪತ್ತೆ ಹಚ್ಚಿದರು.

ನನ್ನ ಪ್ರಕಾರ ಲೆನ್ಸ್‌ಗಿಂತ ದಿನ ಆರಿಸುವುದೇ ಮುಖ್ಯ. ಸೂರ್ಯನಿಗೆ ತೀರಾ ಹತ್ತಿರ ಬಂದ ದಿನ ಬಾಲ ಜೋರಾಗಿರಬೇಕು ಅಲ್ವಾ? ಇರಲ್ಲ. ಸೂರ್ಯನಲ್ಲೂ ಸೋಡಿಯಂ ಇದೆ, ಅದು ತನ್ನ ಬಣ್ಣವನ್ನು ತಾನೇ ನುಂಗಿ ಬಿಸಿಲಿನಲ್ಲಿ 589ರ ಹತ್ತಿರ ಕಪ್ಪು ಗೆರೆಗಳನ್ನು ಬಿಟ್ಟಿರುತ್ತದೆ. ಆ ದಿನ ಬುಧ ಸೂರ್ಯನ ಕಡೆಗೂ ಹೋಗುತ್ತಿರಲ್ಲ, ದೂರಕ್ಕೂ ಸರಿಯುತ್ತಿರಲ್ಲ, ಹಾಗಾಗಿ ಅದರ ಸೋಡಿಯಂ ಸರಿಯಾಗಿ ಆ ಕಪ್ಪು ಗೆರೆಯಲ್ಲೇ ಸಿಕ್ಕಿಕೊಂಡಿರುತ್ತದೆ, ಹೊಳೆಯಲು ಬೇಕಾದ ಹಳದಿ ಬೆಳಕು ಅದಕ್ಕೆ ಸಾಕಷ್ಟು ಸಿಗಲ್ಲ. ಆಮೇಲೆ ಕಕ್ಷೆ ಮೊಟ್ಟೆಯಾಕಾರ ಆಗಿರೋದರಿಂದ ಬುಧ ಸೆಕೆಂಡಿಗೆ 10 ಕಿ.ಮೀ.ವರೆಗಿನ ವೇಗದಲ್ಲಿ ಸೂರ್ಯನಿಂದ ದೂರ ಸರಿಯುತ್ತದೆ. ಇದರಿಂದ ಅದರ ಸೋಡಿಯಂಗೆ ತಾಕುವ ಬಿಸಿಲಿನ ಬಣ್ಣ ಸುಮಾರು 0.02 ನ್ಯಾನೊಮೀಟರ್ ಪಕ್ಕಕ್ಕೆ ಜರುಗುತ್ತದೆ. ಅಷ್ಟು ಸಾಕು, ಪರಮಾಣುಗಳಿಗೆ ಬೆಳಕು ಸಿಗುತ್ತದೆ, ಹೊಳೆಯುತ್ತವೆ, ಹಿಂದಕ್ಕೆ ತಳ್ಳಿಸಿಕೊಳ್ಳುತ್ತವೆ. ಹಾಗಾಗಿ ಹತ್ತಿರದ ಬಿಂದು ದಾಟಿ ಹದಿನೈದು ದಿನದ ಆಸುಪಾಸು ನೋಡಿ. ಬುಧ ಆಗ ಸಂಜೆ ಅಥವಾ ಬೆಳಗ್ಗೆ ಸೂರ್ಯನಿಂದ ಸಾಕಷ್ಟು ದೂರ ಕಾಣುತ್ತಿರಬೇಕು, ಅದೊಂದು ತಲೆನೋವು.

ನಾನು ಸಂಜೆ ತೆಗೆದೆ. ಫಿಲ್ಟರ್ 10 ನ್ಯಾನೊಮೀಟರ್ ಅಗಲದ್ದು. ಬೆಳಕು ಓರೆಯಾಗಿ ಬಿದ್ದರೆ ಅದು ಬಿಡುವ ಬಣ್ಣ ನೀಲಿ ಕಡೆಗೆ ಸರಿಯುತ್ತದೆ, ಅದಕ್ಕೇ ಲೆನ್ಸ್‌ನ ಅಪರ್ಚರ್ ಸ್ವಲ್ಪ ಕಿರಿದು ಮಾಡಿಕೊಂಡೆ. ಬುಧ ಚಿತ್ರದಲ್ಲಿ ಬರೀ ಬಿಳಿ ಚುಕ್ಕೆಯಾಗಿ ಉರಿದುಹೋದರೂ ಪರವಾಗಿಲ್ಲ ಅಂತ ಎಕ್ಸ್‌ಪೋಷರ್ ಉದ್ದ ಇಟ್ಟು, ಚಿತ್ರಗಳನ್ನೆಲ್ಲ ನಕ್ಷತ್ರಕ್ಕಲ್ಲ, ಬುಧನಿಗೇ ಹೊಂದಿಸಿ ಒಂದರ ಮೇಲೊಂದು ಕೂಡಿಸಿದೆ. ಸೋಡಿಯಂ ಬೀದಿದೀಪದ ಹತ್ತಿರ ಮಾತ್ರ ನಿಲ್ಲಬೇಡಿ, ಅದರ ಬೆಳಕೂ ಇದೇ ಫಿಲ್ಟರ್‌ನಲ್ಲಿ ಸಲೀಸಾಗಿ ನುಗ್ಗುತ್ತದೆ.

ಕೂಡಿಸಿದ ಚಿತ್ರದ ಹಿನ್ನೆಲೆಯನ್ನು ಸಮ ಮಾಡಿ ಕಾಂಟ್ರಾಸ್ಟ್ ಏರಿಸಿದಾಗ ಬುಧನಿಂದ ಮೇಲಕ್ಕೆ, ಸೂರ್ಯ ಮುಳುಗಿದ ಕಡೆಗೆ ಬೆನ್ನು ಮಾಡಿ, ತೆಳ್ಳಗಿನ ಗೆರೆ ಎದ್ದಿತ್ತು. ಲೆನ್ಸ್ ಒಳಗಿನ ಪ್ರತಿಫಲನ ಇರಬಹುದು ಅಂತ ಫಿಲ್ಟರ್ ತೆಗೆದೂ ಕೆಲವು ಚಿತ್ರ ತೆಗೆದಿಟ್ಟುಕೊಂಡಿದ್ದೆ. ಅವುಗಳಲ್ಲಿ ಬುಧ ಇದ್ದ, ಬಾಲ ಇರಲಿಲ್ಲ.